ಟ್ಯಾಂಕಿನ ಬಾಯಲ್ಲಿ ಆಡಿದ ಮಾತು

ಮೇಸ್ತ್ರಿಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಬಸ್ಸಿಗೆ ಕಾಯುವಾಗ, ಮಾತು ಮುಗಿದು ನೆಲ ನೋಡುವಾಗ, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಫಿ ಆರಲೆಂದು ಕಾಯುವಾಗ, ಆ ಎರಡು ಬೆರಳು ಒಂದನ್ನೊಂದು ಮೆಲ್ಲಗೆ ಉಜ್ಜುತ್ತಲೇ ಇರುತ್ತಿದ್ದವು. ಎರಡರ ನಡುವೆ ಏನೋ ಇದೆ, ಅದು ಎಷ್ಟು ಮಂದವಾಗಿದೆ ಎಂದು ನೋಡುತ್ತಿರುವ ಹಾಗೆ. ಉಗುರಿನ ಸುತ್ತ ಕಪ್ಪು ಗೆರೆ, ಸೀಮೆಎಣ್ಣೆ ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದರೂ ಹೋಗದ ಕಪ್ಪು. ನನ್ನ ಗಂಡನ ಬೆರಳಿಗೂ ಅದೇ ಕಪ್ಪು ಹತ್ತಿತ್ತು. ಆದರೆ ಅದು ಏಳು ವರ್ಷದ್ದು, ಮೇಸ್ತ್ರಿಯದು ಮೂವತ್ತು ದಾಟಿತ್ತು.

ಯಶವಂತಪುರದ ಆಚೆ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಅವರು ಬಾಯ್ಲರ್ ಮೇಸ್ತ್ರಿ. ನನ್ನ ಗಂಡ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಮೇ ತಿಂಗಳ ಕೊನೆಯಲ್ಲಿ, ಎಣ್ಣೆಯ ಟ್ಯಾಂಕು ತೊಳೆಯಲು ಇಳಿದ ನನ್ನ ಗಂಡ ಜೀವಸಹಿತ ಮೇಲೆ ಬರಲಿಲ್ಲ. ಆಮೇಲೆ ತಯಾರಾದ ಕಾಗದದಲ್ಲಿ, "ಯಾರಿಗೂ ತಿಳಿಸದೆ ಸ್ವಂತ ಇಚ್ಛೆಯಿಂದ ಟ್ಯಾಂಕಿಗೆ ಇಳಿದಿದ್ದಾರೆ" ಎಂದು ಬರೆದಿತ್ತು. ಅದರ ಕೆಳಗೆ ಸಾಕ್ಷಿ ಎಂದು ಸಹಿ ಹಾಕಿದ್ದವರು ಈ ಮೇಸ್ತ್ರಿ. ಪರಿಹಾರದ ವಿಷಯ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಕಾಡಿದ್ದು ಆ ಒಂದು ಸಾಲು. ನನ್ನ ಗಂಡ ನಿಜವಾಗಿ ಹಾಗೇ ಇಳಿದರೇ ಎನ್ನುವುದು ನನಗೆ ಬೇಕಾಗಿತ್ತು.

ಮೇಸ್ತ್ರಿಯನ್ನು ನಾನು ಮೊದಲು ಕಂಡದ್ದು ನಮ್ಮ ಮದುವೆಯಾದ ಹೊಸತರಲ್ಲಿ. ಚಿಕ್ಕಬಾಣಾವರದ ನಮ್ಮ ಎರಡು ಕೋಣೆಯ ಮನೆಗೆ ನನ್ನ ಗಂಡನ ಜೊತೆ ಬಂದಿದ್ದರು. ನಾನು ಕಡಲೆಕಾಯಿ ಮಿಠಾಯಿಗೆ ಬೆಲ್ಲದ ಪಾಕ ಇಟ್ಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಸೌಟಿನಿಂದ ಒಂದು ಹನಿ ತೆಗೆದು ಬೆರಳ ನಡುವೆ ಎಳೆದರು.

"ಇನ್ನೊಂದ್ ಚೂರು ಬಿಡಮ್ಮ. ಎಳೆ ಬಂದಿಲ್ಲ."

"ಅಯ್ಯೋ ಅಣ್ಣ, ಸುಡುತ್ತೆ" ಎಂದೆ.

"ಇದುಕ್ಕಿಂತ ಬಿಸಿ ಎಣ್ಣೆ ನೋಡಿರೋ ಕೈ ಇದು. ಬೆಲ್ಲ ಏನ್ ಮಾಡ್ತದೆ, ಪಾಪ."

ಅವರು ಕೆಂಪಾಪುರದ ಹಳೆಯ ಊರಿನವರು. ಅಲ್ಲಿ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ನಾಲ್ಕು ಅಂತಸ್ತಿನ ಮನೆಗಳು ಎದ್ದಮೇಲೂ ಅವರ ಮಾತು ಮಾತ್ರ ಹೊಲದ ಬದುವಿನ ಮೇಲೇ ನಿಂತಿತ್ತು. "ಹೋಗು" ಅವರ ಬಾಯಲ್ಲಿ "ಓಗು" ಆಗುತ್ತಿತ್ತು. ನನ್ನ ಗಂಡ ಅದನ್ನು ಅಣಕಿಸಿದರೆ, "ನಿನ್ ಕನ್ನಡ ನಿನ್ತಾವ ಇಟ್ಕೊ, ನನ್ ಬಾಯ್ಲರ್‌ಗೆ ಇದೇ ಅರ್ಥ ಆಗೋದು" ಎನ್ನುತ್ತಿದ್ದರು.

ಬಾಯ್ಲರ್ ಉರಿಯುತ್ತಿದ್ದದ್ದು ಫರ್ನೇಸ್ ಆಯಿಲ್‌ನಲ್ಲಿ. ಡಾಂಬರಿನ ತಮ್ಮನ ಹಾಗಿರುವ ಕಪ್ಪು ಎಣ್ಣೆ. ಅದೇನು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮೇಸ್ತ್ರಿ ಅರ್ಧ ಗಂಟೆ ಹೇಳಿದರು. ನೆಲದಿಂದ ಬಂದ ಎಣ್ಣೆಯನ್ನು ಕಾಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲು ಒಂದೊಂದಾಗಿ ತೆಗೆದಮೇಲೆ ತಳದಲ್ಲಿ ಉಳಿಯುವುದು ಇದು. ಹಗುರಾದದ್ದೆಲ್ಲ ಹೋಗಿ ಭಾರವಾದದ್ದು ಮಾತ್ರ ಉಳಿದಿರುತ್ತದೆ. ಗಂಧಕ, ಬೂದಿ, ಎಂಥದೋ ಲೋಹದ ಅಂಶ, ಇನ್ಯಾವುದರಲ್ಲೂ ಜಾಗ ಸಿಗದ ಎಲ್ಲವೂ ಇದರಲ್ಲೇ ಬಂದು ಸೇರುತ್ತದೆ. ಜನವರಿಯ ಬೆಳಗಿನ ಚಳಿಗೆ ಅದು ಅಲುಗುವುದೇ ಇಲ್ಲ. ಟ್ಯಾಂಕಿನೊಳಗೆ ಸ್ಟೀಮಿನ ಕೊಳವೆ ಸುತ್ತಿ ಬೆಚ್ಚಗೆ ಮಾಡಿದರೆ ಪಂಪಿಗೆ ಬರುತ್ತದೆ. ಬರ್ನರ್‌ಗೆ ಹೋಗುವ ಮೊದಲು ಮತ್ತೆ ಕಾಯಿಸಬೇಕು, ಕುದಿಯುವ ನೀರಿಗಿಂತ ಜಾಸ್ತಿ. ಕಡಿಮೆ ಕಾದರೆ ದಪ್ಪ ದಪ್ಪ ಹನಿಯಾಗಿ ಬಿದ್ದು ಪೂರ್ತಿ ಉರಿಯದೆ ಕರಿಹೊಗೆ. ಜಾಸ್ತಿ ಕಾದರೆ ಬರ್ನರ್‌ನ ಮೂತಿಯಲ್ಲೇ ಸುಟ್ಟು ಇದ್ದಿಲಾಗಿ ಕಟ್ಟಿಕೊಳ್ಳುತ್ತದೆ. ನೀರು ಸೇರಿದ್ದರಂತೂ ಬೆಂಕಿ ಚಟಪಟ ಉಗುಳುತ್ತದೆ.

"ಡೀಸೆಲ್ ಆದ್ರೆ ಯಾರ್ ಬೇಕಾದ್ರೂ ಉರಿಸ್ತಾರೆ ಕಣಮ್ಮ" ಎಂದಿದ್ದರು. "ಇದು ಅಂಗಲ್ಲ. ಇದುನ್ನ ದಿನಾ ಮಾತಾಡ್ಸಿ ಏಳಿಸ್ಬೇಕು."

ನಮ್ಮವರಿಗೆ ಮೇಸ್ತ್ರಿಯ ಬಗ್ಗೆ ಹೇಳಿ ಮುಗಿಯುತ್ತಿರಲಿಲ್ಲ. ಅದರಲ್ಲೂ ಅವರ ಮೂಗಿನ ಬಗ್ಗೆ. ಎಣ್ಣೆ ಟ್ಯಾಂಕರ್ ಬಂದರೆ ಮೇಸ್ತ್ರಿ ಒಂದು ಲೋಟಕ್ಕೆ ಹಿಡಿದು ಮೂಸಿ, ಬೆರಳಲ್ಲಿ ಉಜ್ಜಿ, "ವಾಪಸ್ ತಗೊಂಡೋಗು" ಎಂದರೆ ಮುಗಿಯಿತಂತೆ. ಲ್ಯಾಬಿನವರು ಎರಡು ದಿನ ಬಿಟ್ಟು ಅದನ್ನೇ ಹೇಳುತ್ತಿದ್ದರಂತೆ. ಬೇರೆ ಬೇರೆ ಕಡೆಯ ಎಣ್ಣೆ ಬೆರೆತಿದ್ದರೆ ಅದು ಒಡೆದ ಹಾಲಿನ ಹಾಗೆ ಒಳಗೇ ಒಡೆದು, ಗಷ್ಟು ಟ್ಯಾಂಕಿನ ತಳಕ್ಕೆ ಕೂರುತ್ತದೆ. ಅದನ್ನೂ ಅವರು ಮೊದಲೇ ಹಿಡಿಯುತ್ತಿದ್ದರು. "ನಮ್ಮಣ್ಣನ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ಬೇಕು" ಎಂದು ಇವರು ನಗುತ್ತಿದ್ದರು.

ನಮ್ಮ ಮನೆಗೆ ಬಂದಾಗಲೂ ಮೇಸ್ತ್ರಿ ಗೇಟಿನಿಂದಲೇ, "ಏನಮ್ಮ, ಹುಳಿ ಘಮ್ಮಂತೈತೆ" ಎಂದು ಕೂಗಿಕೊಂಡೇ ಬರುವರು. ಒಂದು ಭಾನುವಾರ ಅವರು ಹಾಗೆ ಕೂಗಿದಾಗ ನಾನು ಇನ್ನೂ ಬೇಳೆ ತೊಳೆಯುತ್ತಿದ್ದೆ, ಒಲೆಯನ್ನೇ ಹಚ್ಚಿರಲಿಲ್ಲ. "ಅಣ್ಣ, ಬೇಳೆ ಇನ್ನೂ ನೀರಲ್ಲೇ ಇದೆ" ಎಂದೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯೂ ನಕ್ಕರು, ಒಂದು ಕ್ಷಣ ತಡವಾಗಿ. ತಮಾಷೆ ಮಾಡಿದರು ಎಂದುಕೊಂಡೆವು.

ಆ ಮೇ ತಿಂಗಳಲ್ಲಿ ಎಣ್ಣೆ ಖಾಲಿ ಮಾಡಿ ಟ್ಯಾಂಕು ತೊಳೆಯಲು ಎರಡು ದಿನ ಕೆಲಸ ನಿಲ್ಲಿಸಿದ್ದರು. ಮಧ್ಯಾಹ್ನ ಒಂದೂವರೆಗೆ ಫೋನು ಬಂತು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಷ್ಟು ಕೆದಕಿದಾಗ ಎದ್ದ ವಿಷದ ಗಾಳಿ ಎಂದರು. ಎಳೆದು ತೆಗೆಯಲು ಟ್ಯಾಂಕಿನ ಬಾಯಿಗೆ ಬಗ್ಗಿದ ಮೇಸ್ತ್ರಿಯೂ ಅಲ್ಲೇ ಎಚ್ಚರ ತಪ್ಪಿದ್ದರು, ಅವರನ್ನು ಬೇರೆಯವರು ಹಿಂದಕ್ಕೆಳೆದು ಉಳಿಸಿದ್ದರು. ನಾಲ್ಕು ದಿನ ಅವರೂ ಹಾಸಿಗೆಯಲ್ಲಿದ್ದರು. ಎರಡನೆಯ ದಿನವೇ ಕಾರ್ಖಾನೆಯವರು ಯಾರೋ ಕಾಗದ ತಂದು ಸಹಿ ಮಾಡಿಸಿಕೊಂಡರಂತೆ.

ಹನ್ನೊಂದನೆಯ ದಿನ ಅವರು ಬಂದು ಗೇಟಿನ ಹೊರಗೇ ನಿಂತಿದ್ದರು. ನಾನು ಹೋಗಿ ಕೇಳಿದೆ. "ಅಣ್ಣ, ಇವರು ಯಾರಿಗೂ ಹೇಳ್ದೆ ಇಳಿದ್ರಾ?"

ಅವರು ನನ್ನ ಮುಖ ನೋಡಲಿಲ್ಲ. "ಒಳ್ಳೇ ಉಡ್ಗ ಕಣಮ್ಮ" ಎಂದರು. ಅಷ್ಟೇ ಹೇಳಿ ಹೊರಟುಹೋದರು.

ನನ್ನ ಅತ್ತೆ ಆ ಕಾಗದವನ್ನೇ ನಂಬಿದರು. "ಯಾವಾಗ್ಲೂ ಆತುರ ಅವನಿಗೆ, ಯಾರ ಮಾತೂ ಕೇಳ್ತಿರ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದರು. ಹಾಗೆ ನಂಬಿಕೊಂಡೇ ಮರುವರ್ಷ ತೀರಿಹೋದರು. ಬೀದಿಯಲ್ಲೂ ಅದೇ ಮಾತು. ಮಗಳು ಶಾಲೆಯಿಂದ ಬಂದು, "ಅಪ್ಪ ಹೇಳ್ದೆ ಕೇಳ್ದೆ ಹೋಗಿದ್ದಕ್ಕೆ ಹಂಗಾಯ್ತಂತೆ, ಹೌದಾ?" ಎಂದು ಕೇಳಿದಳು. ಆಗ ಅವಳಿಗೆ ಏಳು ವರ್ಷ. ಬಾಗಿಲ ಚೌಕಟ್ಟಿನ ಮೇಲೆ ಇವರು ಕೈ ಊರಿ ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ ಕಪ್ಪು ಗುರುತಿತ್ತು. ಅದರ ಮುಂದೆ ನಿಂತು, ಇಷ್ಟು ಜೋಪಾನದ ಮನುಷ್ಯ ಹೇಳದೆ ಇಳಿದರೇ ಎಂದು ನಾನು ಎಷ್ಟು ಸಲ ಕೇಳಿಕೊಂಡೆನೋ ಗೊತ್ತಿಲ್ಲ.

ಮೇಸ್ತ್ರಿ ಎರಡು ವರ್ಷ ತಿಂಗಳಿಗೊಂದು ಭಾನುವಾರ ಬಂದರು. ಹುಳಿಯ ಮಾತಿಲ್ಲ, ನಗುವಿಲ್ಲ. ಸೋರುವ ನಲ್ಲಿ ಸರಿ ಮಾಡುವುದು, ಫ್ಯಾನು ಒರೆಸಿ ಎಣ್ಣೆ ಬಿಡುವುದು, ಸಿಲಿಂಡರ್ ಒಳಗಿಡುವುದು, ಹೋಗುವುದು. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಅವರ ಬೆನ್ನು ನೋಡುತ್ತಿದ್ದೆ. ಉತ್ತರ ಆ ಬೆನ್ನಿನಾಚೆ ಇದೆ ಎಂದು ಗೊತ್ತಿತ್ತು.

ಹೀಗೆ ಒಂದು ಭಾನುವಾರ ಬೆಳಿಗ್ಗೆ ಅವರು ಅಡುಗೆಮನೆಯ ನೆಲದ ಮೇಲೆ ಕೂತು ಮಿಕ್ಸಿಯ ವೈರು ಬದಲಿಸುತ್ತಿದ್ದರು. ನಾನು ಹಾಲು ಕಾಯಲು ಇಟ್ಟು, ನೀರು ಬಂತೆಂದು ಹಿತ್ತಿಲಿಗೆ ಹೋದೆ. ಎರಡು ಕೊಡ ತುಂಬಿಸಿ ಮೂರನೆಯದನ್ನು ಇಡುವಾಗ ಗ್ಯಾಸಿನ ವಾಸನೆ ಹಿತ್ತಿಲವರೆಗೂ ಬಂತು. ಓಡಿದೆ. ಹಾಲು ಉಕ್ಕಿ ಬೆಂಕಿ ಆರಿಹೋಗಿತ್ತು, ಗ್ಯಾಸು ಸುಯ್ಯೆಂದು ಹೊರಡುತ್ತಿತ್ತು. ಒಲೆಯಿಂದ ಎರಡು ಮಾರು ದೂರದಲ್ಲಿ ಮೇಸ್ತ್ರಿ, ವೈರು ಬದಲಿಸಿ ಮುಗಿಸಿ, ಮಿಕ್ಸಿಯ ಪ್ಲಗ್ಗನ್ನು ಗೋಡೆಗೆ ಹಾಕಿ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದರು. ನಾನು ಅವರ ಕೈಯನ್ನು ಹೊಡೆದು ತಳ್ಳಿದೆ. ಒಲೆ ತಿರುಗಿಸಿ, ಕಿಟಕಿ ತೆಗೆದು, ಪಕ್ಕದ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಮಗಳನ್ನು ರಸ್ತೆಗೆ ಕಳಿಸಿ, ಅವರನ್ನು ಹಿತ್ತಿಲಿಗೆ ಎಳೆದುಕೊಂಡು ಬಂದೆ.

"ಅಣ್ಣ, ನಿಮಗೆ ಗ್ಯಾಸ್ ವಾಸನೆ ಬರ್ಲಿಲ್ವಾ?"

"ಬರ್ತೈತಾ?" ಎಂದು ಅವರು ನನ್ನನ್ನೇ ಕೇಳಿದರು.

ಹಿಂದಿನ ಮನೆಯವರು ಕಿಟಕಿಯಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ಮೇಸ್ತ್ರಿ ಅವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಿತ್ತಿಲ ಕಲ್ಲಿನ ಮೇಲೆ ಕೂತರು.

"ಅವತ್ತೂ ಬರ್ಲಿಲ್ಲ ಕಣಮ್ಮ."

ಕೊಡ ತುಂಬಿ ನೀರು ಹರಿಯುತ್ತಿತ್ತು. ನಲ್ಲಿ ನಿಲ್ಲಿಸಲು ನಾನು ಹೋಗಲಿಲ್ಲ.

"ನನ್ ಮೂಗು ಓಗಿ ಅನ್ನೊಂದ್ ವರ್ಷ ಆಗೈತೆ. ಆ ಒಗೇಲಿ, ಆ ಗಂಧಕದಾಗೆ ಇದ್ದೂ ಇದ್ದೂ ಓಯ್ತು. ಮನೇಲಿ ನಮ್ಮವಳಿಗೆ ಒಬ್ಬಳಿಗೇ ಗೊತ್ತು. ಎಣ್ಣೇನ ಬೆರಳಲ್ಲಿ ನೋಡಿ ಹೇಳ್ತಿದ್ದೆ, ಮೂಗಲ್ಲಿ ನೋಡ್ದಂಗೆ ನಟಿಸ್ತಿದ್ದೆ. ಮೂಗಿಲ್ಲದ್ ಮೇಸ್ತ್ರಿನ ಯಾರಮ್ಮ ಇಟ್ಕೊಂತಾರೆ?"

ಆಮೇಲೆ ನಾನು ಎರಡು ವರ್ಷ ಕಾದಿದ್ದ ಮಾತು ಬಂತು.

"ಅವನು ಹೇಳ್ದೆ ಇಳೀಲಿಲ್ಲ. ಏಣಿ ಮ್ಯಾಲೆ ಒಂದ್ ಕಾಲಿಟ್ಟು ನಿಂತ. ಅಣ್ಣ, ಕೊಳೆತ ಮೊಟ್ಟೆ ವಾಸ್ನೆ ಬರ್ತಾ ಇದೆ, ಗಾಳಿ ಆಡಕ್ ಬಿಟ್ಟು ನಾಳೆ ಇಳಿಯಾಣ ಅಂದ. ನಾನು ತಲೆ ಒಳಕ್ ಆಕಿ ಮೂಸ್ದಂಗೆ ಮಾಡ್ದೆ. ನನ್ ಮೂಗಿಗೇ ಬರ್ದಿದ್ದು ನಿನ್ ಮೂಗಿಗೆ ಬಂತೇನ್ಲಾ, ಅಂದೆ. ನಕ್ಬುಟ್ಟ. ನಕ್ಕೊಂಡೇ ಇಳ್ದ."

ನನಗೆ ಅಳು ಬರಲಿಲ್ಲ. ನಾನು ಹೇಳಿದೆ. "ಇದನ್ನ ನನ್ ಹತ್ರ ಹೇಳಿದ್ರೆ ಆಗಲ್ಲ ಅಣ್ಣ. ಸಹಿ ಹಾಕಿದ ಕಾಗದ ಎಲ್ಲಿಗೆ ಹೋಯ್ತೋ, ಅಲ್ಲಿಗೆ ಹೋಗಿ ಹೇಳಿ."

"ಕೆಲ್ಸ ಓಯ್ತದೆ. ಬಾಯ್ಲರ್ ನಡ್ಸೋ ಸರ್ಟಿಫಿಕೇಟೂ ಕಿತ್ಕೊಂತಾರೆ. ಇನ್ನೆರಡು ವರ್ಷ ಐತೆ ರಿಟೈರ್ ಆಗಾಕೆ."

"ಹೋಗ್ಲಿ."

"ಮೂವತ್ ವರ್ಷ ಜನ ಮರ್ಯಾದೆ ಕೊಟ್ಟವ್ರೆ ಕಣಮ್ಮ."

"ನಮ್ಮತ್ತೆ ಮಗನ್ನ ಬೈಕೊಂಡೇ ಸತ್ರು. ನನ್ನ ಮಗಳೂ ಅಪ್ಪಂದೇ ತಪ್ಪು ಅಂದ್ಕೊಂಡೇ ಬೆಳೀಬೇಕಾ? ಹೇಳೋವರೆಗೂ ಈ ಮನೆಗೆ ಬರ್ಬೇಡಿ."

ಅವರು ಎದ್ದು, ನಲ್ಲಿ ನಿಲ್ಲಿಸಿ, ಹೋದರು. ನಾಲ್ಕು ತಿಂಗಳು ಬರಲಿಲ್ಲ.

ಆ ನಾಲ್ಕು ತಿಂಗಳು ಹೇಗೆ ಕಳೆಯಿತು ಎಂದು ಹೇಳುವುದು ಕಷ್ಟ. ಮೊದಲು ಗಂಡ ಟ್ಯಾಂಕಿನೊಳಗಿನ ಕತ್ತಲಲ್ಲಿ ಮಾತ್ರ ಕಾಣುತ್ತಿದ್ದರು. ಈಗ ಏಣಿಯ ಮೇಲೆ ಒಂದು ಕಾಲಿಟ್ಟು, ನಗುತ್ತಾ, ಬಿಸಿಲಿನಲ್ಲಿ ಕಾಣತೊಡಗಿದರು. ಬಟ್ಟೆ ಕತ್ತರಿಸುವಾಗ, ಬಸ್ಸಿನ ಕಿಟಕಿಯಲ್ಲಿ, ಎಲ್ಲೆಂದರಲ್ಲಿ ಕಾಣುತ್ತಿದ್ದರು. ಯಾವಾಗಲೂ ಇಳಿಯುವ ಮುಂಚೆ ನನ್ನ ಕಡೆ ಒಂದು ಸಲ ತಿರುಗುವರು. ಬೆಳಿಗ್ಗೆ ಎದ್ದ ಕೂಡಲೇ ಕಾಫಿಪುಡಿಯ ಡಬ್ಬಿ ತೆಗೆದು ಮೂಸಿ ನೋಡುವುದು ಆಗ ಶುರುವಾಯಿತು. ವಾಸನೆ ಬಂದಮೇಲೆಯೇ ಒಲೆ ಹಚ್ಚುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತೇನೆ.

ಒಂದು ಸೋಮವಾರ ಮೇಸ್ತ್ರಿ ಗೇಟಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. "ಬಾಮ್ಮ, ಓಗಣ" ಎಂದರು.

ಕಾರ್ಖಾನೆಗಳ ಅಪಘಾತ ವಿಚಾರಿಸುವ ಸರ್ಕಾರಿ ಕಚೇರಿಗೆ ಹೋದೆವು. ಅಧಿಕಾರಿಗೆ ಮೊದಲು ನಂಬಿಕೆ ಬರಲಿಲ್ಲ. "ಇಷ್ಟು ದಿನ ಬಿಟ್ಟು ಈಗ ಯಾಕ್ರೀ? ಈಯಮ್ಮ ಹೇಳಿಸ್ತಿದ್ದಾರಾ?" ಎಂದು ಕೇಳಿದರು.

"ಅವರು ಕೇಳವ್ರೆ ಸಾರ್. ಆದ್ರೆ ನಡೆದಿದ್ದು ನಡೆದಿದ್ದೇ."

"ಮೂಗಿಲ್ಲ ಅಂತ ಹೆಂಗ್ ನಂಬೋದು? ಕಣ್ಣು ಮುಚ್ಚಿ."

ಮೇಸ್ತ್ರಿ ಕಣ್ಣು ಮುಚ್ಚಿದರು. ಅಧಿಕಾರಿ ಕಸ ಗುಡಿಸುವಾಕೆಯಿಂದ ಫಿನಾಯಿಲ್ ಬಾಟಲಿ ತರಿಸಿ, ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿದರು. ಎರಡು ಕುರ್ಚಿ ಆಚೆ ಕೂತಿದ್ದ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಮೇಸ್ತ್ರಿ ನೆಟ್ಟಗೆ ಕೂತಿದ್ದರು, ಶಾಲೆಯ ಮಗುವಿನ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡು. ಸ್ವಲ್ಪ ಹೊತ್ತಾದಮೇಲೆ ಕೇಳಿದರು.

"ಬಾಟ್ಲಿ ತಂದ್ರಾ ಸಾರ್?"

ಅಧಿಕಾರಿ ಮುಚ್ಚಳ ಹಾಕಿ ಬಾಟಲಿಯನ್ನು ಕೆಳಗಿಟ್ಟರು. ಆಮೇಲೆ ಅವರ ದನಿ ಬೇರೆಯಾಯಿತು. "ನೋಡಿ, ನಿಮ್ಮ ಮೂಗು ಚೆನ್ನಾಗಿದ್ರೂ ಅದನ್ನ ನಂಬೋ ಹಾಗಿರ್ಲಿಲ್ಲ. ಆ ಗಾಳಿ ಜಾಸ್ತಿ ಇದ್ದಾಗ ಒಳ್ಳೇ ಮೂಗನ್ನೂ ಸಾಯಿಸುತ್ತೆ. ಗಾಳಿ ಅಳೆಯೋ ಮೀಟರ್ ಇಟ್ಟು ನೋಡ್ಬೇಕಿತ್ತು. ಫ್ಯಾಕ್ಟರೀಲಿ ಮೀಟರ್ ಇರ್ಲಿಲ್ವಾ?"

"ಇತ್ತು ಸಾರ್. ಬೀರುನಾಗೆ."

"ಮತ್ತೆ?"

"ನಾನಿರೋವಾಗ ಅದ್ಯಾಕೆ ಅಂತ ಯಾರೂ ತೆಗೀತಿರ್ಲಿಲ್ಲ."

ಹೇಳಿಕೆ ಬರೆಸಿ ಸಹಿ ಹಾಕಿದರು. ಹೊರಗೆ ಬಂದಮೇಲೆ ಬಸ್ ಸ್ಟಾಪಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ನಿಂತೆವು. ಹೆಬ್ಬಾಳದ ಬಸ್ಸು ಮೊದಲು ಬಂತು. ಹತ್ತುವಾಗ ಅವರು, "ಮನೆಗ್ ಬರ್ಬೋದೇನಮ್ಮ?" ಎಂದು ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ.

ಆರು ತಿಂಗಳಾದಮೇಲೆ ಹೊಸ ಕಾಗದ ಬಂತು. "ಮೃತರು ವಾಸನೆಯ ಬಗ್ಗೆ ಎಚ್ಚರಿಸಿದ ನಂತರವೂ, ಮೇಸ್ತ್ರಿಯ ಸೂಚನೆಯಂತೆ ಇಳಿದಿರುತ್ತಾರೆ" ಎಂದು ಅದರಲ್ಲಿತ್ತು. ಮಗಳನ್ನು ಕೂರಿಸಿಕೊಂಡು ಎರಡು ಸಲ ಓದಿ ಹೇಳಿದೆ. ಮೇಸ್ತ್ರಿಯ ಕೆಲಸ ಆ ಹೊತ್ತಿಗೆ ಹೋಗಿತ್ತು, ಸರ್ಟಿಫಿಕೇಟೂ ಹೋಗಿತ್ತು.

ಆಮೇಲೆ ಅವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ತಮಗೆ ಗುರುತಿದ್ದ ಬಾಯ್ಲರ್ ಮನೆಗಳಿಗೆಲ್ಲ ಹೋಗಿ, "ಮೀಟರ್ ಎಲ್ಲೈತೆ, ತೋರ್ಸಿ" ಎನ್ನುತ್ತಿದ್ದರಂತೆ. ಕೆಲವು ಕಡೆ ಗೇಟಿನೊಳಗೇ ಬಿಡುತ್ತಿರಲಿಲ್ಲ. ಇನ್ನು ಕೆಲವು ಕಡೆ, "ಬಂತು ನೋಡ್ರೋ ಮೂಗಿಲ್ದಿರೋ ಸವಾರಿ, ಬೀರು ತೆಗೀರೋ" ಎಂದು ನಗುತ್ತಿದ್ದರು. "ನಗ್ಲಿ ಬುಡು, ಬೀರು ತೆಗೀತಾರಲ್ಲ" ಎಂದು ನನಗೆ ಹೇಳಿದ್ದರು. ಈಚೆಗೆ ಸುಮಾರು ಕಡೆ ಕಪ್ಪು ಎಣ್ಣೆ ಬಿಟ್ಟು ಕೊಳವೆ ಗ್ಯಾಸಿಗೆ ಬದಲಾಯಿಸಿದ್ದಾರೆ. ಆ ಸುದ್ದಿ ತಂದ ದಿನ ಮಾತ್ರ ಅವರು ಪೂರ್ತಿ ಲೋಟ ಕಾಫಿ ಕುಡಿದರು.

ಹೋದ ಚಳಿಗಾಲದಲ್ಲಿ ಅವರ ಉಸಿರಾಟ ಕೆಟ್ಟಿತು. ಅವರ ಹೆಂಡತಿ ಫೋನು ಮಾಡಿದರು. ಕೆಂಪಾಪುರದ ಮನೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿ ಕಾಫಿ ತರಲು ಒಳಗೆ ಹೋದಾಗ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲೇ ಇದ್ದದ್ದನ್ನು ಕೇಳಿದೆ.

"ಅಣ್ಣ, ಇವರು ಕೂಗಿದ್ರಾ?"

"ಇಲ್ಲಮ್ಮ" ಎಂದರು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಕೆಳ್ಗಿಂದ ಮಾತಾಡ್ತಾನೇ ಇದ್ದ. ಗಷ್ಟು ಕೆರೀತಾ ಇದ್ದ. ಅಣ್ಣ, ಸಂಜೆ ಬೇಗ ಬಿಡಿ, ಮಗೂಗೆ ಶೂ ತಗೋಬೇಕು, ಅಂಗಡಿ ಮುಚ್ಬುಡ್ತಾನೆ ಅಂದ. ಎಷ್ಟೊತ್ತಿಗೋ ಅಂತ ಕೇಳ್ದೆ. ಐದಕ್ಕೆ ಅಂತ ಶುರು ಮಾಡ್ದ. ಐ ಅಂದಿದ್ದು ಕೇಳುಸ್ತು."

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು.

ಅದಾಗಿ ಮೂರನೆಯ ದಿನ ಅವರು ತೀರಿಕೊಂಡರು.

ಅವರು ಹೇಳಿದ್ದು ಸಮಾಧಾನಕ್ಕೆ ಕಟ್ಟಿದ ಮಾತು ಎಂದು ಯಾರಾದರೂ ಅನ್ನಬಹುದು. ಹನ್ನೊಂದು ವರ್ಷ ನಟಿಸಿದ ಮನುಷ್ಯ ಅವರು. ಆದರೆ ಶೂಗಳ ವಿಷಯವನ್ನು ನಾನು ನನ್ನ ಗಂಡನಿಗೆ ಹೇಳಿದ್ದು ಅದೇ ದಿನ ಬೆಳಿಗ್ಗೆ, ಇವರು ಬುತ್ತಿ ಕೈಗೆ ತೆಗೆದುಕೊಳ್ಳುವಾಗ. ಶಾಲೆ ತೆರೆಯುತ್ತಿತ್ತು, ಮಗಳು ಒಂದನೇ ಕ್ಲಾಸಿಗೆ. ಇವರು "ಹೂಂ" ಕೂಡ ಅನ್ನದೆ ರೈಲಿಗೆ ಹೊತ್ತಾಯಿತೆಂದು ಹೊರಟಿದ್ದರು. ಕೇಳಿಸಿಕೊಳ್ಳಲೇ ಇಲ್ಲ ಎಂದು ನಾನು ಕೋಪ ಮಾಡಿಕೊಂಡಿದ್ದೆ. ಆ ಕೋಪವನ್ನೂ ಇಷ್ಟು ವರ್ಷ ಹೊತ್ತಿದ್ದೆ. ಶೂಗಳ ವಿಷಯ ನಾನು ಆಮೇಲೆ ಯಾರ ಹತ್ತಿರವೂ ಆಡಿಲ್ಲ.

ಕ್ಷಮಿಸಿದ್ದೇನೆ ಎಂದು ಮೇಸ್ತ್ರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ನನ್ನ ಗಂಡನನ್ನು ಕಳೆದವರು ಅವರೇ, ಗಂಡನ ಕೊನೆಯ ಮಾತನ್ನು ಉಳಿಸಿಕೊಟ್ಟವರೂ ಅವರೇ. ಇವೆರಡನ್ನು ಒಟ್ಟಿಗೆ ಇಟ್ಟುಕೊಂಡು ಬದುಕುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.

ಮಣ್ಣಿಗೆ ಹೋಗುವಾಗ ಮಗಳೂ ಬರುತ್ತೇನೆ ಎಂದಳು. ಈಗ ಅವಳಿಗೆ ಹದಿನೈದು. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, "ಅಪ್ಪಂಗೆ ನನ್ ಶೂ ಸೈಜ್ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು" ಎಂದೆ.

ಆ ಮನೆಯ ಬಾಗಿಲಲ್ಲಿ ನಾನು ಒಂದು ಕ್ಷಣ ಹಿಂಜರಿದೆ. ಮಗಳು ನನ್ನನ್ನು ದಾಟಿ ಒಳಗೆ ಹೋಗಿ, ಮೇಸ್ತ್ರಿಯ ಹೆಂಡತಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಅವರ ಕೈ ಹಿಡಿದುಕೊಂಡಳು.